ಮೀನಿನ ಹೊಂಡ, ನನ್ನ ಒಣ ಕೈ

ನನ್ನ ಜೊತೆ ಓದುತ್ತಿದ್ದ ರಟ್ಟೀಹಳ್ಳಿಯಾಕಿಗೆ ಒಂದು ಚಟವಿತ್ತು. ಹೊಂಡದಿಂದ ಮೇಲೆ ಬಂದ ಕೂಡಲೇ ಬಲಗೈಯನ್ನು ಮೂಗಿನ ಹತ್ತಿರ ಒಯ್ದು ಒಮ್ಮೆ ಮೂಸಿ ನೋಡುತ್ತಿದ್ದಳು. ಮೂಸಿ, ಮುಖ ಕಿವುಚುವ ಬದಲು ಸಣ್ಣಗೆ ನಗುತ್ತಿದ್ದಳು. ಆಮೇಲೆ ಸೆರಗಿಗೆ ಕೈ ಒರೆಸುತ್ತಿದ್ದಳು. ದಡದ ಮೇಲೆ ಜಾಲಿ ಗಿಡದ ನೆರಳಲ್ಲಿ ಕೂತ ನಾನೂ, ಯಾರೂ ನೋಡದ ಹೊತ್ತಿನಲ್ಲಿ ನನ್ನ ಕೈ ಮೂಸಿಕೊಳ್ಳುತ್ತಿದ್ದೆ. ಬರೀ ಶಾಯಿಯ ವಾಸನೆ.

ಏಕೀಕರಣವಾಗಿ ಐದಾರು ವರ್ಷ ಕಳೆದಿದ್ದ ಕಾಲ ಅದು. ಧಾರವಾಡದ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರದ ನಮ್ಮ ಸರ್ ಹಾನಗಲ್ಲಿನ ಹೊರಗೆ ಕೆರೆಯ ಪಕ್ಕ ಮೂರು ಹೊಂಡ ತೋಡಿಸಿ, ಮೀನು ಸಾಕುವ ಸಂಶೋಧನೆ ಹೂಡಿದ್ದರು. ಪುಸ್ತಕ ಓದಿದರೆ ಮೀನು ತಿಳಿಯುವುದಿಲ್ಲ, ನೀರಿಗೇ ಇಳಿಯಬೇಕು ಅನ್ನುವುದು ಅವರ ಮಾತು. ಬೇಸಿಗೆಯ ರಜೆಯಲ್ಲಿ ತರಗತಿಯ ಹುಡುಗರನ್ನೆಲ್ಲ ನೀರಿಗಿಳಿಸಿದರು. ಇದ್ದ ಇಬ್ಬರು ಹುಡುಗಿಯರಲ್ಲಿ ರಟ್ಟೀಹಳ್ಳಿಯಾಕಿ ಹೊಳೆಯಲ್ಲಿ ಈಜು ಕಲಿತವಳು, ಅವಳನ್ನೂ ಇಳಿಸಿದರು. ನನ್ನ ಸರದಿ ಬಂದಾಗ, "ನಿಂದು ಇಂಗ್ಲೀಷ್ ಛಲೋ ಐತಿ, ಅಕ್ಷರಾನೂ ಛಂದ ಅದಾವ. ನೀ ಬರಕೋ," ಅಂದು ರಟ್ಟಿನ ವಹಿಯೊಂದನ್ನು ಕೈಗಿತ್ತರು. ಕಾನ್ವೆಂಟಿನಲ್ಲಿ ಓದಿದ ತಪ್ಪಿಗೆ ಆದ ಶಿಕ್ಷೆ. ನನಗೆ ಮೊದಲೇ ಬಾಯಿ ಕಡಿಮೆ, ನಾನೂ ಇಳಿಯುತ್ತೇನೆ ಅನ್ನಲಾಗಲಿಲ್ಲ.

ಆ ಬೇಸಿಗೆಯಿಡೀ ದಿನಕ್ಕೊಂದು ಫಜೀತಿ ನಡೆಯುತ್ತಲೇ ಇತ್ತು. ನಡೆದದ್ದೆಲ್ಲ ಅವಳ ಕೈಯಲ್ಲಿ, ಬರೆದದ್ದೆಲ್ಲ ನನ್ನ ಕೈಯಲ್ಲಿ. ವಹಿಯಲ್ಲಿ ಬರೆಯಲಾಗದೆ ಉಳಿದ ಕೆಲವು ಇಲ್ಲಿವೆ.

ಬಸ್ಸಿನಲ್ಲಿ ಕಡೆದದ್ದು

ಮೀನಿನ ಮರಿಗಳನ್ನು ಹಿರೇಕೆರೂರಿನ ಕಡೆಯ ಕೆರೆಯೊಂದರಿಂದ ತರಬೇಕಿತ್ತು. ಮಣ್ಣಿನ ಗಡಿಗೆಯಲ್ಲಿ ನೀರು ತುಂಬಿ, ಮರಿ ಬಿಟ್ಟು, ಬಾಯಿಗೆ ತೆಳು ಅರಿವೆ ಕಟ್ಟಿ ಬಸ್ಸಿನಲ್ಲಿ ತರುವುದು. ದಾರಿಯುದ್ದಕ್ಕೂ ಗಡಿಗೆಯನ್ನು ಅಲ್ಲಾಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ನೀರಿಗೆ ಗಾಳಿ ಸಾಲದೆ ಮರಿ ಸಾಯುತ್ತವೆ. ಗಡಿಗೆ ರಟ್ಟೀಹಳ್ಳಿಯಾಕಿಯ ತೊಡೆಯ ಮೇಲೆ, ವಹಿ ನನ್ನ ತೊಡೆಯ ಮೇಲೆ. ಸ್ವಲ್ಪ ಹೊತ್ತು ನಾನು ಹಿಡಿಯುತ್ತೇನೆ ಅಂತ ಮೆಲ್ಲಗೆ ಕೇಳಿದೆ. ನಿನ್ನ ಸೀರೆ ತೋಯುತ್ತದೆ ಅಂದಳು.

ಎದುರಿನ ಸೀಟಿನಲ್ಲೊಬ್ಬ ಮುದುಕಿ ಹಿರೇಕೆರೂರಿನಿಂದಲೂ ಅವಳನ್ನೇ ನೋಡುತ್ತಿದ್ದಳು. ತಿಳವಳ್ಳಿ ಬರುವ ಹೊತ್ತಿಗೆ ತಡೆಯಲಾಗಲಿಲ್ಲ.

"ತಂಗಿ, ಇಷ್ಟೊತ್ತು ಕಡದ್ರೂ ಬೆಣ್ಣಿ ಬರಲಿಲ್ಲಂದ್ರ ಮೊಸರು ಸರಿ ಹೆಪ್ಪಾಗಿಲ್ಲ. ಒಂದೀಟು ಬಿಸಿನೀರು ಹಾಕವಾ."

ಇವಳು ಅರಿವೆ ಸರಿಸಿ ಗಡಿಗೆಯನ್ನು ಮುಂದಕ್ಕೆ ಹಿಡಿದಳು. ಮುದುಕಿ ಬಗ್ಗಿ ನೋಡಿದಳು. ಒಳಗೆ ನೂರಾರು ಮರಿ ಮಿಣಮಿಣ ಓಡಾಡುತ್ತಿದ್ದವು. ಬಹಳ ಹೊತ್ತು ನೋಡಿ, ದನಿ ಇಳಿಸಿ ಕೇಳಿದಳು.

"ಯಾರ ಮನಿ ಎಮ್ಮೀ ಮೊಸರವಾ ಇದು?"

ಇಡೀ ಬಸ್ಸು ನಕ್ಕಿತು. ಎಲ್ಲರೂ ತಿರುಗಿ ತಿರುಗಿ ಅವಳನ್ನು ನೋಡಿದರು. ನನ್ನ ವಹಿಯಲ್ಲಿ ಏನಿದೆ ಅಂತ ಯಾರೂ ಕೇಳಲಿಲ್ಲ.

ಹಸಿವು ಅತ್ಯುತ್ತಮ

ಮೀನಿಗೆ ದಿನಾ ಬೆಳಿಗ್ಗೆ ಶೇಂಗಾ ಹಿಂಡಿ ಮತ್ತು ತೌಡು ಕಲಸಿ, ಉಂಡೆ ಮಾಡಿ, ಬುಟ್ಟಿಯಲ್ಲಿಟ್ಟು ಹೊಂಡದ ಅಂಚಿನಲ್ಲಿ ಮುಳುಗಿಸುತ್ತಿದ್ದರು. ಒಂದು ತಾಸು ಬಿಟ್ಟು ಎತ್ತಿ ಉಳಿದದ್ದನ್ನು ನೋಡಿ ನನಗೆ ಕೂಗಿ ಹೇಳುತ್ತಿದ್ದರು. ದಿನಾ ಬುಟ್ಟಿ ಖಾಲಿ. ಮೀನುಗಳ ಹಸಿವು ಅತ್ಯುತ್ತಮ ಎಂದು ನಾನು ದಿನಾ ಒಳ್ಳೆಯ ಇಂಗ್ಲಿಷಿನಲ್ಲಿ ಬರೆದೆ. ಸರ್ ಅದನ್ನು ಧಾರವಾಡಕ್ಕೆ ಬರೆದು ಕಳಿಸಿದರು. ಓದಿ ಸಂತೋಷಪಟ್ಟ ಹಿರಿಯ ಪ್ರಾಧ್ಯಾಪಕರೊಬ್ಬರು ಒಂದು ಮುಂಜಾನೆ ಹೇಳದೆ ಕೇಳದೆ ಜೀಪಿನಲ್ಲಿ ಬಂದಿಳಿದರು.

ಹೊಂಡದಲ್ಲಿ ಎಮ್ಮೆಯೊಂದು ಕುತ್ತಿಗೆಯವರೆಗೆ ನೀರಿನಲ್ಲಿ ನಿಂತು, ಮೂತಿಯನ್ನು ಬುಟ್ಟಿಯೊಳಗೆ ಇಟ್ಟು ಮೇಯುತ್ತಿತ್ತು.

ಸರ್ ಮುಖ ಕೆಂಪಗಾಯಿತು. ಇದು ಯಾವಾಗಿನಿಂದ ಅಂತ ರಟ್ಟೀಹಳ್ಳಿಯಾಕಿಯನ್ನು ಕೇಳಿದರು.

"ದಿನಾ ಬರ್ತೈತ್ರಿ ಸರ್. ಇಕಿ ಎದುರಿಗೇ ಕುಂತು ಬರಿಯಾಕತ್ತಿದ್ಲು. ಎಮ್ಮೀದೂ ಬರಕೊಳ್ಳಾಕತ್ತಾಳ ಅಂತ ತಿಳದಿದ್ದೆ."

ಎದುರಿಗೇ ಕೂತಿದ್ದದ್ದು ನಿಜ. ನಾನು ಎಮ್ಮೆಯನ್ನು ನೋಡಿರಲೇ ಇಲ್ಲ. ಬೆಳಗಿನ ಆ ಹೊತ್ತೆಲ್ಲ ನನ್ನ ಕಣ್ಣು ಇವಳ ಮೇಲೇ ಇರುತ್ತಿತ್ತು: ಹೇಗೆ ಕಚ್ಚೆ ಹಾಕುತ್ತಾಳೆ, ಹೇಗೆ ಕಾಲೂರುತ್ತಾಳೆ, ಬಲೆಯ ತುದಿ ಹೇಗೆ ಹಿಡಿಯುತ್ತಾಳೆ. ಅದನ್ನು ಸರ್‌ಗೆ ಹೇಳುವುದು ಹೇಗೆ?

ಹಿರಿಯ ಪ್ರಾಧ್ಯಾಪಕರು ವಹಿ ಇಸಿದುಕೊಂಡು ಹಾಳೆ ತಿರುವಿದರು. ಎಮ್ಮೆಯ ಕಡೆ ಇನ್ನೊಮ್ಮೆ ನೋಡಿ, "ಹುಡುಗಿ ಸುಳ್ಳೇನೂ ಬರದಿಲ್ಲ ಬಿಡ್ರಿ. ಹಸಿವು ಖರೇನ ಅತ್ಯುತ್ತಮ ಐತಿ," ಅಂದರು.

ಸವಣೂರಿನ ತಕ್ಕಡಿ

ಮೀನು ತೂಗಲು ನಮ್ಮಲ್ಲಿ ತಕ್ಕಡಿ ಇರಲಿಲ್ಲ. ಸವಣೂರಿನ ಹುಡುಗನೊಬ್ಬ ತನ್ನ ಸೋದರಮಾವನ ಖಾರದ ತಿಂಡಿಯ ಅಂಗಡಿಯಿಂದ ಒಂದು ತಂದ. ಕಾಲೇಜಿನ ಕೆಲಸಕ್ಕೆ ಅಂತಷ್ಟೇ ಹೇಳಿದ್ದನಂತೆ. ರಟ್ಟೀಹಳ್ಳಿಯಾಕಿ ತೂಗಿದಳು, ನಾನು ಬರೆದೆ. ಹುಣಸೆಹಣ್ಣು, ಬೂದಿ ಹಾಕಿ ಮೂರು ಸಲ ತಿಕ್ಕಿ ವಾಪಸ್ಸು ಕಳಿಸಿದೆವು.

ವಾರದೊಳಗೆ ಸುದ್ದಿ ಬಂತು. ಅಂಗಡಿ ಬಾಗಿಲು ತೆಗೆಯುವ ಮೊದಲೇ ಕಟ್ಟೆಯ ಮೇಲೆ ಬೆಕ್ಕುಗಳು ಸಾಲಾಗಿ ಕೂತಿರುತ್ತವಂತೆ. ಎಷ್ಟು ಓಡಿಸಿದರೂ ತಕ್ಕಡಿಯ ಕಡೆಯೇ ನೋಡುತ್ತ ಮತ್ತೆ ಬಂದು ಕೂರುತ್ತವಂತೆ. ಮಾವ ಅಳಿಯನನ್ನು ನಿಲ್ಲಿಸಿ ಬಾಯಿ ಬಿಡಿಸಿ, ಇಂಥ ಕೆಲಸ ಮಾಡಿದವರು ಯಾರು ಅಂತ ಹೆಸರು ಕೇಳಿಕೊಂಡು, ರಟ್ಟೀಹಳ್ಳಿಯಾಕಿಯನ್ನು ಬೀದಿಗೆಲ್ಲ ಕೇಳುವಂತೆ ಬೈದನಂತೆ.

ಬೈಗುಳದಲ್ಲೂ ನನ್ನ ಹೆಸರು ಬರಲಿಲ್ಲ.

ಸೋರುವ ಬದನೆಕಾಯಿ

ಮಳೆ ಹತ್ತಿರ ಬಂದಾಗ ಸರ್ ಎಲ್ಲರನ್ನೂ ಕೂಡಿಸಿ ಹೇಳಿದರು. ಈ ಜಾತಿಯ ಮೀನು ನಿಂತ ನೀರಿನಲ್ಲಿ ತತ್ತಿ ಇಡುವುದಿಲ್ಲ. ಬೇರೆ ಮೀನಿನ ತಲೆಯೊಳಗಿನ ಗ್ರಂಥಿ ತೆಗೆದು, ಅರೆದು, ತಾಯಿ ಮೀನಿಗೆ ಸೂಜಿ ಹಾಕಿದರೆ ಆರು ತಾಸಿನೊಳಗೆ ಇಡುತ್ತದೆ. ನಮ್ಮಲ್ಲಿ ಯಾರ ಕೈ ನಡುಗುವುದಿಲ್ಲವೋ ಅವರೇ ಸೂಜಿ ಹಾಕಬೇಕು. ಹಾಕಿದವರನ್ನು ಮುಂದಿನ ವರ್ಷವೂ ಹೊಂಡದ ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ.

ಎಲ್ಲರೂ ಯಾರ ಕಡೆ ನೋಡಿದರು ಅಂತ ಬೇರೆ ಹೇಳಬೇಕಿಲ್ಲ.

ನಮ್ಮ ಮನೆ ಹಾನಗಲ್ಲಿನಲ್ಲೇ. ಅಪ್ಪ ಡಾಕ್ಟರು. ಅವತ್ತು ಸಂಜೆ ಕಪಾಟಿನಿಂದ ಅಪ್ಪನ ಹಳೆಯ ಗಾಜಿನ ಸಿರಿಂಜು ತೆಗೆದೆ. ಅಡುಗೆಮನೆಯ ಬುಟ್ಟಿಯಿಂದ ಒಂದು ಬದನೆಕಾಯಿ ಎತ್ತಿ, ಒದ್ದೆ ಅರಿವೆಯಲ್ಲಿ ಸುತ್ತಿ, ಸೂಜಿಯನ್ನು ಓರೆ ಹಿಡಿದು ಮೆಲ್ಲಗೆ ನೀರು ಹಾಕಿದೆ. ಕೈ ನಡುಗಿತು. ಇನ್ನೊಂದು ತೆಗೆದುಕೊಂಡೆ. ಬುಟ್ಟಿಯ ತಳ ಕಾಣುವ ಹೊತ್ತಿಗೆ ಕೈ ನಿಂತಿತ್ತು.

ಮರುದಿನ ಅವ್ವ ಎಣ್ಣೆಗಾಯಿ ಮಾಡಲು ಕೂತಳು. ಹೆಚ್ಚಿದ ಒಂದೊಂದು ಕಾಯಿಯೂ ನೀರು ಬಿಟ್ಟಿತು. ಶಿಗ್ಗಾಂವಿಯಿಂದ ಬರುವ ಕಾಯಿಪಲ್ಲೆಯಾಕಿಯನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದಳು. ಮಳೆಯ ನೀರು ಇರಬೇಕು ಅಂತ ಅವಳು ನುಣುಚಿಕೊಳ್ಳಲು ನೋಡಿದಳು.

"ಇನ್ನ ನನ್ನ ಅಂಗಳಕ್ಕ ಬಂದಿಲ್ಲ ಮಳಿ, ನಿನ್ನ ಬದನಿಕಾಯಿ ಒಳಗ ಹೆಂಗ ಬಂತ?"

ನಾನು ಬಾಗಿಲ ಹಿಂದೆ ನಿಂತಿದ್ದೆ. ಗಲಾಟೆ ಕೇಳಿ ಅಪ್ಪ ಹೊರಗೆ ಬಂದರು. ಹೆಚ್ಚದೆ ಉಳಿದಿದ್ದ ಒಂದು ಕಾಯಿಯನ್ನು ಚಷ್ಮಾದ ಹತ್ತಿರ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಬಾಗಿಲ ಸಂದಿಯ ಕಡೆ ಒಮ್ಮೆ ಕಣ್ಣು ಹಾಯಿಸಿದರು.

"ಯಾರೋ ಛಲೋ ಚುಚ್ಯಾರ," ಅಂದರು. "ನಮ್ಮ ಕಂಪೌಂಡರಗಿಂತ ಹಗೂರ ಐತಿ ಕೈ."

ಆ ಬೇಸಿಗೆಯಲ್ಲಿ ನನಗೆ ಸಿಕ್ಕ ಹೊಗಳಿಕೆ ಅದೊಂದೇ. ಅದೂ ಬದನೆಕಾಯಿಯ ಮುಖಾಂತರ.

ಆರು ತಾಸು

ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ, ತುಂತುರಿನಲ್ಲೇ ಎಲ್ಲರೂ ಹೊಂಡದ ಹತ್ತಿರ ಸೇರಿದೆವು. ಹೊಂಡದ ಕಾವಲಿಗಿದ್ದ ಅಂಬಿಗರ ಅಜ್ಜ ಬಲೆ ಬೀಸಿ, ಮೊಣಕೈಯುದ್ದದ ತಾಯಿ ಮೀನನ್ನು ಹಿಡಿದು ಕೊಟ್ಟ. ಸೂಜಿ ಹಾಕಿದರೆ ಮೀನು ತತ್ತಿ ಇಡುತ್ತದೆ ಎಂಬ ಮಾತನ್ನು ಅವನು ನಂಬಿರಲಿಲ್ಲ. ಆದರೂ ಆರು ತಾಸು ಅನ್ನುವುದನ್ನು ಮಾತ್ರ ಚೆನ್ನಾಗಿ ನೆನಪಿಟ್ಟಿದ್ದ.

ಸರ್ ಗ್ರಂಥಿ ಅರೆದ ಔಷಧವನ್ನು ಸಿರಿಂಜಿಗೆ ತುಂಬಿ ಕೆಲಸ ಹಂಚಿದರು. "ರಟ್ಟೀಹಳ್ಳಿಯಾಕಿ ಮೀನ ಹಿಡೀಲಿ. ಅರ್ಧ ಔಷಧ ನಾ ಹಾಕಿ ತೋರಸ್ತೇನಿ, ಉಳದಿದ್ದು ಆಕಿ ಹಾಕಲಿ. ನೀ ಬರಕೋ."

ವಹಿ ತೆಗೆದು ತಾರೀಖು ಬರೆದೆ. ನಿಬ್ಬು ಹಾಳೆಯೊಳಗೆ ಇಳಿದು ಹೋಗುವಷ್ಟು ಒತ್ತಿ ಬರೆದೆ.

ಹೊಂಡದ ಅಂಚಿನ ನೀರಿನಲ್ಲಿ ನಿಂತ ರಟ್ಟೀಹಳ್ಳಿಯಾಕಿಯ ಕೈಯಲ್ಲಿ, ಒದ್ದೆ ಅರಿವೆಯೊಳಗೆ ಮೀನು ಸುಮ್ಮನೆ ಮಲಗಿತ್ತು. ಸರ್ ದಡದಿಂದಲೇ ಬಗ್ಗಿ ಎಡಗೈಯಲ್ಲಿ ಅದರ ಬಾಲ ಹಿಡಿದು, ಬಲಗೈಯಲ್ಲಿ ಸೂಜಿ ತಂದು, ನೋಡ್ರಿ ಹಿಂಗ ಅನ್ನುವಷ್ಟರಲ್ಲಿ ಮೀನು ಒಮ್ಮೆ ಬಾಲ ಬಡಿಯಿತು. ಸೂಜಿ ಸರ್ ಹೆಬ್ಬೆರಳಿಗೆ ಇಳಿಯಿತು. ಗಾಬರಿಯಲ್ಲಿ ಒತ್ತಿಯೂ ಬಿಟ್ಟರು. ಅರ್ಧ ಔಷಧ ಒಳಗೆ ಹೋಯಿತು.

ಜನ್ಮದಲ್ಲಿ ಮೀನು ತಿನ್ನದ ಸರ್ ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡರು.

ಅಜ್ಜ ಮೆಲ್ಲಗೆ ಹತ್ತಿರ ಬಂದ. ಮುಖದಲ್ಲಿ ನಗೆಯಿಲ್ಲ, ನಿಜವಾದ ಚಿಂತೆ.

"ಸಾಹೇಬ್ರ, ಆರು ತಾಸಂದ್ರ ಊಟದ ಹೊತ್ತಿಗಾತ್ರಿ. ನೀವು ಹೊಂಡಕ್ಕ ಇಳೀತೀರೇನು, ಇಲ್ಲಾ ಬಿಡಾರದಾಗ ತೊಟ್ಟಿ ತುಂಬಸಲೇನು?"

ಹುಡುಗರು ನೆಲಕ್ಕೆ ಬಿದ್ದು ಹೊರಳಾಡಿದರು. ರಟ್ಟೀಹಳ್ಳಿಯಾಕಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಮೈಯೆಲ್ಲ ಕುಲುಕುತ್ತಿತ್ತು, ಆದರೆ ಮೀನು ಹಿಡಿದ ಎರಡು ಕೈ ಮಾತ್ರ ಒಂದಿಷ್ಟೂ ಸಡಿಲಾಗಲಿಲ್ಲ. ಆ ಕೈಗಳ ಮೇಲೆ ನನಗೆ ಆಗಲೂ ಹೊಟ್ಟೆಕಿಚ್ಚು. ಆಮೇಲೆ ಹೊಳೆಯಿತು. ಅವಳ ಎರಡೂ ಕೈ ಮೀನಿನ ಮೇಲಿವೆ. ಹುಡುಗರು ಏಳುವ ಸ್ಥಿತಿಯಲ್ಲಿಲ್ಲ. ಸಿರಿಂಜಿನಲ್ಲಿ ಅರ್ಧ ಔಷಧ ಹಾಗೇ ಇದೆ. ಅಲ್ಲಿ ಸೂಜಿ ಹಿಡಿಯಬಲ್ಲ ಖಾಲಿ ಕೈ ನನ್ನದೊಂದೇ.

ವಹಿಯನ್ನು ಕೆಸರಿನಲ್ಲೇ ಇಟ್ಟು ಕೆಳಗಿಳಿದೆ. ಸೀರೆ ಮೊಣಕಾಲವರೆಗೆ ತೋಯಿತು. ಸರ್ ಜೊತೆ ಅಲ್ಲಿಯವರೆಗೆ ಆಡಿದ ನಾಲ್ಕು ಮಾತೂ ಇಂಗ್ಲಿಷಿನವೇ. ಅವತ್ತು ಇಂಗ್ಲಿಷ್ ಬಾಯಿಗೆ ಬರಲಿಲ್ಲ. ಕೈ ಚಾಚಿ ಕೇಳಿದೆ.

"ಸರ್, ಉಳದಿದ್ದು ನಾ ಹಾಕಲೇನ್ರಿ? ಬದನಿಕಾಯಿಗೆ ಹಾಕಿ ಹಾಕಿ ಕಲ್ತೇನ್ರಿ."

ಸರ್ ನನ್ನ ಮುಖ ನೋಡಿದರು, ಶಾಯಿ ಹತ್ತಿದ ನನ್ನ ಬೆರಳು ನೋಡಿದರು, ಬಲಗೈಯಲ್ಲಿದ್ದ ಸೂಜಿ ನೋಡಿದರು. ಹೆಬ್ಬೆರಳು ಇನ್ನೂ ಬಾಯಲ್ಲೇ ಇತ್ತು.