ದೊರೆಯ ಹಿಮ್ಮಡಿ

ಸಂಜೆಗೆ ಬರುತ್ತೇನೆಂದು ಮನೆಯ ಒಡತಿ ತಂಗಿಯ ಮನೆಗೆ ಹೊರಟ ಬೆಳಿಗ್ಗೆ, ಮೇಲಿನ ಕೋಣೆಯ ಬಾಡಿಗೆದಾರ ದೊರೆಯನ್ನು ಎತ್ತಿಕೊಳ್ಳದೇ ಇದ್ದಿದ್ದರೆ ಚೆನ್ನಾಗಿತ್ತು. ಅವಳು ಹೇಳಿಹೋದಂತೆ ಸೊಪ್ಪು ಹಾಕಿ, ನೀರಿಟ್ಟು, ತೆಪ್ಪಗೆ ಕೆಲಸಕ್ಕೆ ಹೋಗಬಹುದಿತ್ತು. ಆದರೆ ಅವನು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಯಾವುದನ್ನೂ ತಿರುಗಿಸಿ ಮುರುಗಿಸಿ ತಪ್ಪು ಹುಡುಕದೆ ಬಿಟ್ಟವನಲ್ಲ. ಎತ್ತಿದ, ತಿರುಗಿಸಿದ, ತಪ್ಪು ಸಿಕ್ಕಿಯೇಬಿಟ್ಟಿತು.

ದೊರೆ ಅಂದರೆ ಒಡತಿಯ ಮೊಲ. ಹತ್ತಿಯ ಮೂಟೆಗೆ ಕಿವಿ ಹೊಲಿದಂತಿದ್ದ ಬಿಳಿ ಮೊಲ. ಮೆಟ್ಟಿಲ ಕೆಳಗಿನ ತಂತಿ ಪಂಜರದಲ್ಲಿ ಕೂತು, ಹೋಗಿ ಬರುವ ಬಾಡಿಗೆದಾರರನ್ನು ಒಡತಿಯಂತೆಯೇ ಅರೆಗಣ್ಣಲ್ಲಿ ನೋಡುತ್ತಿತ್ತು. ಅದರ ಎರಡೂ ಹಿಂಗಾಲುಗಳ ಹಿಮ್ಮಡಿಯಲ್ಲಿ ಕೂದಲು ಉದುರಿ, ಚರ್ಮ ಕೆಂಪಗೆ ಬೆಂದಂತಾಗಿತ್ತು. ಒಂದು ಕಡೆ ಒಡೆದು ರಕ್ತದ ಪಸೆಯೂ ಇತ್ತು.

ಕರಡು ತಿದ್ದುವವನು ಗಾಬರಿಯಿಂದ ಹೆಂಡತಿಯನ್ನು ಕೂಗಿ ಕರೆದ. ಅಚ್ಚುಕೂಟದಲ್ಲಿ ಎಲ್ಲರೂ ಅವನನ್ನು 'ಅಲ್ಪವಿರಾಮ' ಎಂದೇ ಕರೆಯುತ್ತಿದ್ದರು. ಬೆನ್ನು ಹಾಗೆ ಬಾಗಿತ್ತು. ಮಾತಿಗೆ ಮುಂಚೆ ಒಂದು ಕ್ಷಣ ತಡೆಯುವ ಅಭ್ಯಾಸವೂ ಇತ್ತು.

ಗಾಬರಿಗೆ ಕಾರಣವಿತ್ತು. ಆ ತಿಂಗಳ ಕೊನೆಗೆ ಬಾಡಿಗೆ ಕರಾರು ಮುಗಿಯುವುದರಲ್ಲಿತ್ತು. ಮುಂದುವರಿಸುತ್ತೀರಾ ಎಂದು ಕೇಳಿದಾಗಲೆಲ್ಲ ಒಡತಿ, "ನೋಡೋಣಪ್ಪ" ಎನ್ನುತ್ತಿದ್ದಳು. ಹಿಂದಿನ ಮನೆಯ ಥಂಡಿಗೆ ಹೆಂಡತಿಗೆ ಉಬ್ಬಸ ಹತ್ತಿತ್ತು. ಈ ಕೋಣೆಗೆ ಬಂದ ಮೇಲೆ ಬಿಸಿಲು ಗಾಳಿಗೆ ಅವಳು ರಾತ್ರಿ ಮಲಗಿ ನಿದ್ದೆ ಮಾಡುವಂತಾಗಿದ್ದಳು. ಒಂದು ಕಿಟಕಿಗಾಗಿ ಮನುಷ್ಯ ಎಷ್ಟು ಬಗ್ಗಬಹುದೋ ಅಷ್ಟೂ ಅವನು ಬಗ್ಗಿಯಾಗಿತ್ತು.

"ಫೋನ್ ಮಾಡಿ ಹೇಳ್ಬಿಡಿ" ಎಂದಳು ಹೆಂಡತಿ.

"ಏನಂತ? ನೀವು ಬೀದಿ ತಿರುಗೋದ್ರೊಳಗೆ ನಿಮ್ಮ ಮೊಲದ ಕಾಲು ಕೆಟ್ಟೋಯ್ತು ಅಂತಾನಾ? ನಾವೇ ಮಾಡಿದ್ವಿ ಅಂತಾರೆ. ಸಂಜೆಯೊಳಗೆ ವಾಸಿ ಮಾಡ್ಬೇಕು."

"ಸಂಜೆಯೊಳಗೆ ವಾಸಿಯಾಗೋ ಗಾಯ ನಾನು ಕಂಡಿಲ್ಲ."

ಮಾತು ಎದುರು ಮನೆಯ ನಿವೃತ್ತ ಮೇಷ್ಟ್ರ ಕಿವಿಗೆ ಬಿತ್ತು. ಅವರ ಕಿವಿಗೆ ಬೀಳದ ಮಾತು ಆ ಬೀದಿಯಲ್ಲಿ ಹುಟ್ಟಿರಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ದಾಟಿ ಬಂದು ಮೊಲದ ಕಾಲು ಹಿಡಿದರು.

"ಏನೂ ಇಲ್ಲ, ಹಿಮ್ಮಡಿ ಒಡೆದಿದೆ. ನನಗೂ ಹೀಗೇ ಆಗಿತ್ತು. ಹರಳೆಣ್ಣೆ ಹಚ್ಚಿ, ಬಿಗಿಯಾಗಿ ಬಟ್ಟೆ ಕಟ್ಟಿ."

"ಮೇಷ್ಟ್ರೇ, ಇದು ಮೊಲ..."

"ಎಷ್ಟು ಸಾವಿರ ಮಕ್ಕಳನ್ನ ಸರಿ ಮಾಡಿದ್ದೀನಿ ಕಣಯ್ಯ, ಒಂದು ಮೊಲ ನನಗೆ ಹೆಚ್ಚಾ?"

ಎಣ್ಣೆ ಅವರ ಮನೆಯಿಂದಲೇ ಬಂತು. ದೊರೆ ಒದ್ದಾಡಿದ ರಭಸಕ್ಕೆ ಅರ್ಧ ಎಣ್ಣೆ ಅದರ ಕಾಲಿಗೆ, ಮಿಕ್ಕಿದ್ದು ಅಲ್ಪವಿರಾಮನ ಒಗೆದ ಅಂಗಿಗೆ. ಕಟ್ಟಿದ ಬಟ್ಟೆಯನ್ನು ಮೊಲ ಮೇಷ್ಟ್ರ ಕಣ್ಣೆದುರಿಗೇ ಕಿತ್ತು ಬಿಸಾಡಿತು. ಅಷ್ಟರಲ್ಲಿ ಬೀದಿ ಮೂಲೆಯ ಟೈಲರು ಅಳತೆ ಪಟ್ಟಿ ಕುತ್ತಿಗೆಗೆ ಹಾಕಿಕೊಂಡೇ ಬಂದ.

"ಬಟ್ಟೆ ಸುತ್ತಿದ್ರೆ ನಿಲ್ಲಲ್ಲ ಸಾರ್. ಕಾಲುಚೀಲ ಹೊಲೀಬೇಕು. ನನ್ನ ಹತ್ರ ಮಖಮಲ್ ತುಂಡಿದೆ."

ಬೇಡ ಎನ್ನಲು ಅಲ್ಪವಿರಾಮ ಬಾಯಿ ತೆರೆದ, ಎಂದಿನಂತೆ ತಡೆದ. ಟೈಲರು ಅಷ್ಟರಲ್ಲಿ ಅಳತೆ ತೆಗೆದುಕೊಂಡು ಹೋಗಿಯಾಗಿತ್ತು. ಕೆಂಪು ಮಖಮಲ್ಲಿನ ಎರಡು ಪುಟ್ಟ ಚೀಲಗಳು ಬಂದವು. ತೊಡಿಸಿದ ಮೇಲೆ ದೊರೆ ಎರಡು ಹೆಜ್ಜೆ ಇಟ್ಟಿತು, ಎಣ್ಣೆಗೆ ಜಾರಿ ಹೊಟ್ಟೆಯ ಮೇಲೆ ಬಿತ್ತು, ಸಿಟ್ಟಿನಿಂದ ಒಂದು ಚೀಲ ಕಿತ್ತು ಮೂಲೆಗೆ ಹೋಗಿ ತಿನ್ನತೊಡಗಿತು. ಕಸಿದುಕೊಳ್ಳುವಷ್ಟರಲ್ಲಿ ಕಾಲು ಭಾಗ ಇರಲಿಲ್ಲ.

ಟೈಲರು ನಿಟ್ಟುಸಿರಿಟ್ಟ. "ಒಳ್ಳೇ ಬಟ್ಟೆ ಸಾರ್ ಅದು."

ಆಗಲೇ ಅಚ್ಚುಕೂಟದ ಯಜಮಾನನ ಫೋನು ಬಂತು.

"ಎಲ್ರೀ ಇದ್ದೀರಾ? ಪುಸ್ತಕ ಕಾಯ್ತಾ ಇದೆ."

"ಸಾರ್, ಇವತ್ತೊಂದು ದಿನ ರಜೆ... ಮನೇಲಿ ಮೊಲದ ಕಾಲಿಗೆ..."

"ಹೋದ ವರ್ಷ ನಿಮ್ಮ ಕಾಲು ಮುರಿದಾಗಲೇ ನೀವು ರಜೆ ಹಾಕಿರ್ಲಿಲ್ಲವಲ್ರೀ."

ಅದು ನಿಜವಾಗಿತ್ತು. ಆಗ ಯಜಮಾನ ರಜೆ ಕೊಟ್ಟಿರಲಿಲ್ಲ. ಈಗಲೂ ಕೊಡಲಿಲ್ಲ, ಫೋನು ಇಟ್ಟ ಅಷ್ಟೇ.

ಆದರೂ ಹಣ್ಣಿನ ಬುಟ್ಟಿಯಲ್ಲಿ ದೊರೆಯನ್ನು ಕೂರಿಸಿಕೊಂಡು ಗಂಡ ಹೆಂಡತಿ ಆಟೊ ಹತ್ತಿದರು. ಪ್ರಾಣಿಗಳ ಡಾಕ್ಟರು ಸಣ್ಣ ಪ್ರಾಯದ ಹೆಂಗಸು. ಕಾಲು ನೋಡಿ, ಮೂಸಿ, ಕನ್ನಡಕದ ಮೇಲಿಂದ ಇವನನ್ನು ನೋಡಿದಳು.

"ಎಣ್ಣೆ ಯಾರು ಹಚ್ಚಿದ್ದು?"

"ಎದುರು ಮನೆ ಮೇಷ್ಟ್ರು."

"ಅವರು ಡಾಕ್ಟ್ರಾ?"

"ಅಲ್ಲ. ಗಣಿತ."

ಡಾಕ್ಟರು ಎಣ್ಣೆ ಒರೆಸಿ, ಗಾಯ ತೊಳೆದು, ಉದ್ದ ಬೆಳೆದ ಉಗುರುಗಳನ್ನು ಕತ್ತರಿಸುತ್ತ ಮಾತಾಡಿದಳು. ಮೊಲದ ಅಂಗಾಲಿಗೆ ನಾಯಿ ಬೆಕ್ಕಿನ ಹಾಗೆ ಮೆತ್ತೆ ಇರುವುದಿಲ್ಲ; ಕೂದಲೇ ಅದರ ಚಪ್ಪಲಿ. ತಂತಿಯ ಮೇಲೆ ಕೂತರೆ, ಒದ್ದೆಯಲ್ಲಿ ಕೂತರೆ, ಮೈ ಭಾರವಾದರೆ ಕೂದಲು ಸವೆದು ಹುಣ್ಣಾಗುತ್ತದೆ.

"ಇದು ಇವತ್ತಿಂದಲ್ಲ, ತಿಂಗಳುಗಳಿಂದ ಆಗಿರೋದು. ಒಣಗಿದ ಮೆತ್ತನೆ ನೆಲ, ಗಾಳಿ ಬೆಳಕು, ಓಡಾಡೋಕೆ ಜಾಗ ಬೇಕು. ತೂಕ ಇಳೀಬೇಕು, ಬಿಸ್ಕತ್ತು ಬಂದ್, ಒಣಹುಲ್ಲು ಜಾಸ್ತಿ. ಔಷಧಿ ಕೊಡ್ತೀನಿ. ಮಾಯೋಕೆ ವಾರಗಳೇ ಬೇಕು. ಮತ್ತೆ ಬಟ್ಟೆ ತಿಂದಿದೆ ಅಂದ್ರಲ್ಲ, ಹಿಕ್ಕೆ ಹಾಕುತ್ತಾ ನೋಡ್ತಾ ಇರಿ. ಹಾಕ್ಲಿಲ್ಲ, ತಿನ್ನೋದು ಬಿಟ್ತು ಅಂದ್ರೆ ಕೂಡಲೇ ತನ್ನಿ."

"ಮೇಡಂ, ತಿಂಗಳುಗಳಿಂದ ಅನ್ನೋದನ್ನ ಮಾತ್ರ ಮನೆಯೊಡತಿಗೆ ನೀವೇ ಒಂದು ಮಾತು..."

"ನಿಮ್ಮ ಮನೆ ಜಗಳ ನನಗ್ಯಾಕ್ರೀ? ನೆಕ್ಸ್ಟ್!"

ಮನೆಗೆ ಬಂದು ನೋಡಿದರೆ ಮೆಟ್ಟಿಲ ಕೆಳಗೆ ನೆಲ ಒದ್ದೆ, ಪಂಜರ ತಂತಿ. ಬೇರೆ ದಾರಿ ಕಾಣದೆ ದೊರೆಯನ್ನು ತಮ್ಮ ಕೋಣೆಗೇ ಒಯ್ದರು. ಸಿಮೆಂಟಿನ ನೆಲ ಅದಕ್ಕೆ ಗಟ್ಟಿಯಾಯಿತು ಎಂದು ಹೆಂಡತಿ ಹೊಸ ಹತ್ತಿಯ ಹಾಸಿಗೆಯನ್ನೇ ಕಿಟಕಿಯ ಬಳಿ ಹಾಸಿದಳು. ಉಬ್ಬಸದವಳಿಗೆಂದು ಗಂಡ ತಿಂಗಳುಗಟ್ಟಲೆ ಓವರ್‌ಟೈಮ್ ದುಡಿದು ತಂದ ಹಾಸಿಗೆ ಅದು. ಓಡಾಡಲು ಜಾಗ ಸಾಲದೆಂದು ಮಂಚವನ್ನು ಬಿಚ್ಚಿ ಹೊರಗಿನ ಪಡಸಾಲೆಗೆ ಸಾಗಿಸಿದರು. ಮೊಲ ಕಡಿಯುವ ಭಯಕ್ಕೆ ಪಾತ್ರೆ ಪಡಗ, ಪುಸ್ತಕ, ಚಪ್ಪಲಿ ಎಲ್ಲವೂ ಹಿಂದೆಯೇ ಹೊರಬಿದ್ದವು.

ಆಮೇಲೆ ಇಬ್ಬರೂ ಗೋಡೆಗೊರಗಿ ಕೂತು ಮೊಲದ ಹಿಂಭಾಗವನ್ನೇ ನೋಡುತ್ತ ಕಾದರು. ಪರೀಕ್ಷೆಯ ಫಲಿತಾಂಶಕ್ಕೂ ಅವರು ಹಾಗೆ ಕಾದವರಲ್ಲ. ದೊರೆ ಹುಲ್ಲು ಮೆದ್ದಿತು, ಮೀಸೆ ಉಜ್ಜಿತು, ಬಿಸಿಲಿಗೆ ಕಾಲು ಚಾಚಿತು. ಹಾಸಿಗೆಯ ನಟ್ಟನಡುವೆ ನಾಲ್ಕು ಕಾಳು ಉದುರಿಸಿತು.

"ಹಾಕ್ತು ರೀ! ಹಾಕ್ತು!" ಹೆಂಡತಿ ಅವನ ಕೈ ಹಿಡಿದುಕೊಂಡಳು. ಮದುವೆಯಾದ ಮೇಲೆ ಇಬ್ಬರೂ ಒಟ್ಟಿಗೆ ಅಷ್ಟು ಸಂತೋಷಪಟ್ಟದ್ದು ಅದೇ ಮೊದಲಿರಬೇಕು.

ಒಡತಿ ಹೇಳಿದ್ದಕ್ಕಿಂತ ಮೊದಲೇ ಬಂದುಬಿಟ್ಟಳು. ಗೇಟಿನಲ್ಲೇ ಮೇಷ್ಟ್ರೂ ಟೈಲರೂ ಅವಳನ್ನು ಮುತ್ತಿದರು. "ನಾನು ಎಣ್ಣೆ ಹಚ್ಚದಿದ್ರೆ ಕಾಲೇ ಹೋಗ್ತಿತ್ತು", "ನನ್ನ ಮಖಮಲ್ ಹೋಯ್ತಮ್ಮ" ಎಂಬ ಮಾತುಗಳು ಮೇಲಕ್ಕೆ ಕೇಳಿಸಿದವು. ಮೆಟ್ಟಿಲು ಏರಿ ಬರುವ ಹೆಜ್ಜೆ ಸಪ್ಪಳಕ್ಕೆ ಅಲ್ಪವಿರಾಮ ಎದ್ದು ನಿಂತ. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಮೂರು ಸಲ ತಿದ್ದಿದ.

ಒಡತಿ ಬಾಗಿಲಲ್ಲಿ ನಿಂತಳು. ಹಾಸಿಗೆ ನೋಡಿದಳು, ಕಿಟಕಿ ನೋಡಿದಳು, ಮಗ್ಗುಲಾಗಿ ನಿದ್ದೆ ಹೋಗಿದ್ದ ದೊರೆಯನ್ನು ನೋಡಿದಳು. ಅವನು ತಡವರಿಸುತ್ತ ಎಲ್ಲ ಹೇಳಿದ: ತಂತಿ, ಒದ್ದೆ, ತೂಕ, ಡಾಕ್ಟರು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತ. ಬೈಗುಳ ಬರಲಿಲ್ಲ. ಒಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೊಟ್ಟೇಲಿ ಹುಟ್ಟಿದ ಮಗನೂ ಹಿಂಗೆ ನೋಡ್ಕೊಳ್ಳಲ್ಲಪ್ಪ. ನಿನ್ನ ಬಗ್ಗೆ ಏನೇನೋ ತಿಳ್ಕೊಂಡಿದ್ದೆ. ತಪ್ಪಾಯ್ತು."

ಹೆಂಡತಿ ಹಿಂದಿನಿಂದ ಅವನ ಬೆನ್ನಿಗೆ ತಿವಿದಳು. ಈಗಲೇ ಕೇಳಿ ಎಂದು ಅದರ ಅರ್ಥ. ಜನ್ಮದಲ್ಲಿ ಮೊದಲ ಸಲ ಅವನು ತಡೆಯದೆ ಮಾತಾಡಿದ.

"ಅಮ್ಮಾ, ಹಾಗಾದ್ರೆ ನಮ್ಮ ಕರಾರಿನ ವಿಷಯ?"

"ಅದನ್ನೇ ಹೇಳೋಕೆ ಬಂದೆ. ನನಗೂ ಮನಸ್ಸು ಗಟ್ಟಿ ಆಗಿರ್ಲಿಲ್ಲ, ಈಗ ಆಯ್ತು. ಮೆಟ್ಟಿಲ ಕೆಳಗೆ ಹಾಕಿ ಇವನನ್ನ ಸಾಯಿಸ್ತಾ ಇದ್ದೆ ನಾನು. ನೋಡು, ಹೇಗೆ ಮಲಗಿದ್ದಾನೆ! ಬಿಸಿಲು, ಗಾಳಿ, ಓಡಾಡೋಕೆ ಜಾಗ, ಡಾಕ್ಟರು ಹೇಳಿದ್ದೆಲ್ಲ ಈ ರೂಮಲ್ಲೇ ಇದೆ. ನೀವು ಹೇಗೂ ಸಾಮಾನು ಎಲ್ಲ ಹೊರಗೆ ತೆಗೆದಿದ್ದೀರಲ್ಲ, ಒಳ್ಳೇದಾಯ್ತು. ತಿಂಗಳ ಕೊನೆವರೆಗೂ ಪಡಸಾಲೇಲಿ ಇರಿ, ನಾನೇನೂ ಅನ್ನಲ್ಲ. ಅಲ್ಲೀವರೆಗೂ ಮುಲಾಮು ಮಾತ್ರ ನೀನೇ ಹಚ್ಚಪ್ಪ. ಅವನಿಗೆ ನಿನ್ನ ಕೈ ಒಗ್ಗಿದೆ."

ಹೆಂಡತಿ ಮೆಲ್ಲಗೆ ಕೇಳಿದಳು, "ಅಮ್ಮಾ, ಆ ಹಾಸಿಗೆ..."

"ಷ್!" ಎಂದಳು ಒಡತಿ. "ಮಲಗಿದ್ದಾನೆ, ಎಬ್ಬಿಸ್ಬೇಡಿ."

ಇಬ್ಬರನ್ನೂ ತೋಳು ಹಿಡಿದು ಅಕ್ಕರೆಯಿಂದ ಹೊರಗೆ ಕರೆತಂದು, ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡಳು.