ನನಗೆ ಆರಾಮ ಕೊಡಲು ಬಂದ ಮಷೀನು

ನಮ್ಮ ಮನೆಗೆ ಏನೇ ಹೊಸದು ಬರಲಿ, ಮೊದಲು ಹೆಚ್ಚುವುದು ನನ್ನ ಕೆಲಸ. ಬಟ್ಟೆ ಒಗೆಯುವ ಮಷೀನು ಬಂದಾಗ ಎಲ್ಲರೂ ದಿನಕ್ಕೆರಡು ಸಲ ಬಟ್ಟೆ ಬದಲಿಸತೊಡಗಿದರು. ಮಿಕ್ಸರ್ ಬಂದ ಮೇಲೆ ಒಂದೇ ಚಟ್ನಿಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಇಷ್ಟಾದ ಮೇಲೂ ಯಜಮಾನರು ಚಹಾ ಮಾಡುವ ಮಷೀನು ಹೊತ್ತು ತಂದರೆ ನನಗೆ ಸಿಟ್ಟು ಬರದೆ ಇನ್ನೇನು ಬರಬೇಕು?

೧. ಕೈ ಖಾಲಿ ಇಲ್ಲ

ಯಜಮಾನರು ತಳೇಗಾಂವದ ಕಾರ್ಖಾನೆಯಿಂದ ನಿವೃತ್ತರಾದವರು. ಈ ಮರಾಠಿ ಸೀಮೆಯಲ್ಲಿ, ವಾಕಡದ ನಮ್ಮ ಫ್ಲ್ಯಾಟಿನಲ್ಲಿ ಕೂತು ದಿನಕ್ಕೆ ಆರು ಸಲ ಚಹಾ ಕುಡಿಯುತ್ತಾರೆ. ಮದುವೆಯಾಗಿ ಮೂವತ್ತೆರಡು ವರ್ಷ. ಇಷ್ಟು ವರ್ಷಗಳಲ್ಲಿ ನಾನು ಒಂದೇ ಒಂದು ಕಪ್ ಚಹಾ ಕೂತು, ಬಿಸಿಯಾಗಿ ಕುಡಿದಿಲ್ಲ. ಎಲ್ಲರಿಗೂ ಕೊಟ್ಟು ಬರುವಷ್ಟರಲ್ಲಿ ನನ್ನದು ಆರಿರುತ್ತದೆ, ಇಲ್ಲವೇ ಯಾರಾದರೂ ಬಾಗಿಲು ಬಡಿದಿರುತ್ತಾರೆ.

"ಇನ್ನ ನೀ ಒಲಿ ಮುಂದ ನಿಂದ್ರೂದು ಬ್ಯಾಡ," ಎಂದರು ಯಜಮಾನರು. ಬೆರಳಿನಷ್ಟು ಎತ್ತರದ, ಚಹಾಪುಡಿ ತುಂಬಿ ಮೇಲೆ ಬೆಳ್ಳಿ ಹಾಳೆ ಅಂಟಿಸಿದ ಪುಟ್ಟ ಡಬ್ಬಿ ತೋರಿಸಿದರು. "ಇದನ್ನ ಒಳಗ ಇಡೂದು, ಬಟನ್ ಒತ್ತೂದು, ಒಂದು ಕಪ್ ಬರ್ತದ. ಆರಾಮ ಕುಂತು ಕುಡಿ."

ನಂಬಿದೆ. ಮರುದಿನ ಬೆಳಿಗ್ಗೆ ನಿಜವಾಗಿಯೂ ಕೂತೆ. ಐದು ನಿಮಿಷಕ್ಕೆ ಹಾಲ್‌ನಿಂದ ದನಿ ಬಂತು: "ಬಟನ್ ಒತ್ತಿ ಬಾ, ನನ್ನ ಕೈ ಖಾಲಿ ಇಲ್ಲ."

ಹೋಗಿ ನೋಡಿದೆ. ಕೈಯಲ್ಲಿ ಪೇಪರ್ ಇತ್ತು.

೨. ಮಷೀನ್ ನೋಡಲು ಬಂದವರು

ಸೊಸೈಟಿಯಲ್ಲಿ ಸುದ್ದಿ ಹರಡಿತು. ಭಾನುವಾರ ಸಂಜೆ ಏಳು ಜನ ಬಂದರು. ಯಜಮಾನರು ಸೋಫಾದಲ್ಲಿ ಕೂತು ಮಷೀನಿನ ಗುಣಗಾನ ಮಾಡಿದರು. ಬಟನ್ ಒತ್ತಿದ್ದು ನಾನು.

ಒಲೆಯ ಮೇಲಿನ ಪಾತೇಲಿಯಲ್ಲಾದರೆ ಏಳು ಕಪ್ ಒಟ್ಟಿಗೇ ಕುದಿಯುತ್ತದೆ. ಇದು ಒಂದು ಸಲಕ್ಕೆ ಒಂದೇ ಕಪ್ ಕೊಡುತ್ತದೆ, ಅದೂ ಗೊರಗೊರ ಎಂದು ಮುನಿಸಿಕೊಂಡು. ಅಡುಗೆಮನೆಯಿಂದ ಹಾಲ್‌ಗೆ ಏಳು ಸಲ ಓಡಾಡಿದೆ. ಏಳನೆಯವರಿಗೆ ಕಪ್ ಕೊಡುವಾಗ ಮೊದಲನೆಯವರು ಖಾಲಿ ಕಪ್ ಹಿಡಿದು ನನ್ನ ಮುಖ ನೋಡುತ್ತಿದ್ದರು.

ಎಲ್ಲರೂ ಕುಡಿದು, ಭಾಳ ಛಾನ ಅದ ಎಂದು ತಲೆದೂಗಿದರು. ಆಮೇಲೆ ಮೇಲಿನ ಮನೆಯ ಮರಾಠಿ ಗೃಹಸ್ಥರು ಕಾಲು ಚಾಚಿ ಕೂತು ಹೇಳಿದರು: "ವಹಿನಿ, ಆತಾ ಜರಾ ಚಹಾ ಟಾಕಾ."

ಅಂದರೆ, ಆಟ ಮುಗಿಯಿತು, ಇನ್ನು ಒಲೆ ಹಚ್ಚಿ ಖರೆ ಚಹಾ ಇಡು ಎಂದು. ಇಟ್ಟೆ. ಶುಂಠಿಯ ಬದಲು ಅವರ ತಲೆಯನ್ನೇ ಜಜ್ಜಿ ಹಾಕಬೇಕೆನಿಸಿತ್ತು.

೩. ಬಾಲ್ಕನಿಯ ಬೆಳೆ

ಖಾಲಿಯಾದ ಆ ಪುಟ್ಟ ಡಬ್ಬಿಗಳನ್ನು ಎಸೆಯಲು ನನಗೆ ಮನಸ್ಸು ಬರಲಿಲ್ಲ. ತೊಳೆದು ಬಾಲ್ಕನಿಯಲ್ಲಿ ಸಾಲಾಗಿ ಒಣಗಿಸಿದೆ. ಪಕ್ಕದ ಮನೆಯಾಕೆ ಇಣುಕಿ, ಇದು ನಿಮ್ಮ ಕಡೆಯ ಸಂಡಿಗೆಯೇ ಎಂದು ಕೇಳಿದಳು.

ಸಂಕ್ರಾಂತಿ ಹತ್ತಿರ ಬಂದಿತ್ತು. ಅರಿಷಿಣ-ಕುಂಕುಮಕ್ಕೆ ಬರುವ ಹೆಣ್ಣುಮಕ್ಕಳ ಕೈಯಲ್ಲಿ ಏನಾದರೂ ಇಡಬೇಕಲ್ಲ? ಅರ್ಧ ಡಬ್ಬಿಗಳಲ್ಲಿ ಅರಿಷಿಣ, ಉಳಿದವುಗಳಲ್ಲಿ ಕುಂಕುಮ ತುಂಬಿ, ಮೇಲೆ ಬೆಳ್ಳಿ ಹಾಳೆ ಅಂಟಿಸಿದೆ. ಅಲುಗಾಡದಿರಲಿ ಎಂದು ಮಷೀನಿನ ಡಬ್ಬಿಗಳು ಬಂದಿದ್ದ ಪೆಟ್ಟಿಗೆಯಲ್ಲೇ ಜೋಡಿಸಿಟ್ಟೆ.

ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ನನ್ನನ್ನು ಬಿಟ್ಟು ಬೇರೆ ಯಾರೂ ಒಂದು ಚಮಚವನ್ನೂ ಎತ್ತದ ಅಡುಗೆಮನೆ ಅದು. ಅಲ್ಲಿ ಇನ್ನೊಬ್ಬರು ಕೈ ಹಾಕಿಯಾರು ಎಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ.

೪. ಅಕ್ಕನವರ ಚಹಾ

ಹಬ್ಬಕ್ಕೆ ಧಾರವಾಡದಿಂದ ಯಜಮಾನರ ಅಕ್ಕ ಬಂದರು. ನಮ್ಮ ಮದುವೆಯಾದ ವಾರದಿಂದಲೂ ನನ್ನ ಚಹಾ ಕುಡಿದು "ನೀರಾಗೇದವಾ" ಎನ್ನುವವರು.

ನಾನು ಶೇಂಗಾ ಹೋಳಿಗೆ ಲಟ್ಟಿಸುತ್ತಿದ್ದೆ. "ಅಕ್ಕಗ ಮಷೀನ್ ಚಹಾ ಕೊಡು," ಎಂದರು ಯಜಮಾನರು.

"ನನ್ನ ಕೈ ಖಾಲಿ ಇಲ್ರಿ," ಎಂದೆ. ನನ್ನ ಕೈಯಲ್ಲಿ ಪೇಪರ್ ಇರಲಿಲ್ಲ, ಹಿಟ್ಟಿತ್ತು.

ಯಜಮಾನರಿಗೆ ಅಕ್ಕನ ಎದುರು ಮಾನದ ಪ್ರಶ್ನೆ. ತಾವೇ ಎದ್ದರು, ಕಪಾಟಿನಿಂದ ಪೆಟ್ಟಿಗೆ ತೆಗೆದರು, ಬಟನ್ ಒತ್ತಿ, ಸಕ್ಕರೆ ಕಲಕಿ, ಕಪ್ ಒಯ್ದರು. ನಾನು ಬೆನ್ನು ತಿರುಗಿಸಿ ಕೂತಿದ್ದೆ, ನೋಡಲಿಲ್ಲ.

ಅಕ್ಕನವರ ದನಿ ಕೇಳಿಸಿತು. "ಗಂಟಲಕ್ಕ ಭಾಳ ಹಿತ ಅದ. ಇಷ್ಟ ವರ್ಷದಾಗ ಈ ಮನ್ಯಾಗ ಇಂಥಾ ಚಹಾ ಕುಡದಿಲ್ಲ. ಇನ್ನೊಂದು ಕಪ್ ಮಾಡಪಾ."

ಹೊಟ್ಟೆ ಉರಿದು ಹೊರಗೆ ಬಂದೆ. ಅಕ್ಕನವರ ಮೇಲ್ದುಟಿಗೆ ಹಳದಿ ಮೀಸೆ ಬಂದಿತ್ತು. ಅಷ್ಟರಲ್ಲಿ ಒಳಗೆ ಯಜಮಾನರು ಇನ್ನೊಂದು ಡಬ್ಬಿ ಇಟ್ಟು ಬಟನ್ ಒತ್ತಿದ್ದೇ ತಡ, ಮಷೀನು ಒಮ್ಮೆ ನರಳಿ, ಎರಡು ಹನಿ ಕೆಂಪು ನೀರು ಉಗುಳಿ, ನಿಂತೇ ಹೋಯಿತು. ಆ ಕಪ್ ಹಿಡಿದುಕೊಂಡೇ ಅವರು ಹೊರಗೆ ಬಂದರು.

"ಮೊದಲ್ನೇದು ಅರಿಷಿಣ, ಎರಡ್ನೇದು ಕುಂಕುಮ," ಎಂದೆ. "ನಾಳೆ ಹೆಣ್ಣಮಕ್ಕಳಿಗೆ ಕೊಡಾಕ ಇಟ್ಟಿದ್ದೆ. ಅಕ್ಕಾರಿಗೆ ಇವತ್ತ ಮುಟ್ಟಿತು."

ಅಕ್ಕನವರು ಸೆರಗಿನಿಂದ ಬಾಯಿ ಒರೆಸಿಕೊಂಡು ತಮ್ಮನನ್ನು ನೋಡಿದ ನೋಟಕ್ಕೆ ಯಜಮಾನರು ಸೀದಾ ಅಡುಗೆಮನೆಗೆ ಓಡಿದರು. ನಾನು ಅಕ್ಕನವರ ಪಕ್ಕ ಸೋಫಾದಲ್ಲಿ ಕೂತೆ.

ಒಳಗಿನಿಂದ ಕೇಳಿದರು: "ಚಹಾಪುಡಿ ಎಲ್ಲದ?"

"ಚಹಾ ಅಂತ ಬರದ ಡಬ್ಬ್ಯಾಗ."

"ಪಾತೇಲಿ?"

"ಮೂವತ್ತೆರಡು ವರ್ಷದಿಂದ ಎಲ್ಲದನೋ ಅಲ್ಲೇ."

ಮುಕ್ಕಾಲು ಗಂಟೆಗೆ ಮೂರು ಕಪ್ ಬಂದವು. ಅಕ್ಕನವರು ಒಂದು ಗುಟುಕು ಕುಡಿದು ಕಪ್ ಕೆಳಗಿಟ್ಟರು. ಸಕ್ಕರೆ ಇರಲಿಲ್ಲ, ಹಾಲು ಸೀದಿತ್ತು, ಬಾಯಿಗೆಲ್ಲ ಪುಡಿ ಬರುತ್ತಿತ್ತು. ಆದರೆ ಬಿಸಿಯಾಗಿತ್ತು, ನಾನು ಕೂತಿದ್ದೆ, ಬಾಗಿಲನ್ನೂ ಯಾರೂ ಬಡಿಯಲಿಲ್ಲ. ಕೊನೆಯ ಗುಟುಕಿನವರೆಗೂ ಕುಡಿದು ಕಪ್ ಯಜಮಾನರ ಕೈಗೆ ಕೊಟ್ಟೆ.

"ಛಲೋ ಆಗೇದ್ರಿ," ಎಂದೆ. "ಇನ್ನೊಂದು ಕಪ್ ತರ್ರಿ."