ನಗಬಾರದ ಫೋಟೋ

ಮಗುವನ್ನು ನಗಿಸುವುದೊಂದನ್ನು ಬಿಟ್ಟರೆ ನನಗೆ ಬೇರೆ ವಿದ್ಯೆ ಬರುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮಂಡ್ಯದ ಡಾಕ್ಟರು, ಎಂಜಿನಿಯರು, ಮೇಷ್ಟ್ರು, ಗದ್ದೆ ತೋಟದ ಗೌಡರು, ಯಾರ ಮನೆಯಲ್ಲಿ ಮಗು ಕೂರಲು ಕಲಿತರೂ ಒಂದು ಕಾಲದಲ್ಲಿ ಅದು ಗುತ್ತಲು ರಸ್ತೆಯ ನನ್ನ ಸ್ಟುಡಿಯೋಗೇ ಬರುತ್ತಿತ್ತು. ನಾನು ಕ್ಯಾಮೆರಾ ಹಿಂದಿನಿಂದ ಕಾಗೆಯಂತೆ ಕೂಗಿ, ತಲೆಯ ಮೇಲೆ ಗಿಲಕಿ ಇಟ್ಟುಕೊಂಡು ಬೀಳಿಸುತ್ತಿದ್ದೆ. ಮಗು ನಗುತ್ತಿತ್ತು, ಅದರ ಅಜ್ಜಿ ನನ್ನನ್ನು ಮರುಕದಿಂದ ನೋಡುತ್ತಿದ್ದರು. ಮುಡಿ ಕೊಡುವ ಮೊದಲು ಗಂಡುಮಗುವಿಗೂ ಲಂಗ ತೊಡಿಸಿ, ಮೊಗ್ಗಿನ ಜಡೆ ಹಾಕಿ, ಜಡೆಯೂ ಕಾಣಲೆಂದು ಕನ್ನಡಿಗೆ ಬೆನ್ನು ಮಾಡಿ ಕೂರಿಸಿ ತೆಗೆಸುವ ಫೋಟೋ ಇದೆಯಲ್ಲ, ಅದರಲ್ಲಂತೂ ನಾನು ಎತ್ತಿದ ಕೈ. ಒಮ್ಮೆ ಮದ್ದೂರಿನ ವಕೀಲರ ಮಗನ ಜಡೆಯ ಪಕ್ಕದಲ್ಲೇ, ಕನ್ನಡಿಯೊಳಗೆ, ನನ್ನ ಬೋಳು ತಲೆಯೂ ಮೂಡಿತು. ಅವರು ಅದನ್ನೇ ದೊಡ್ಡದು ಮಾಡಿಸಿ ಹಾಲ್‌ನಲ್ಲಿ ತೂಗುಹಾಕಿದ್ದಾರೆ.

ಈಗ ಮಗು ಆಕಳಿಸಿದರೂ ಮೊಬೈಲಿನಲ್ಲಿ ತೆಗೆಯುತ್ತಾರೆ. ಮಕ್ಕಳನ್ನು ಕೂರಿಸುತ್ತಿದ್ದ ನನ್ನ ಮರದ ಕುದುರೆಯ ಮೇಲೆ ಹೆಂಡತಿ ಟವಲು ಒಣಹಾಕುತ್ತಾಳೆ. ಒಂದೇ ಒಂದು ಮಗು ನನ್ನನ್ನು ನೋಡಿ ನಕ್ಕರೆ ಸಾಕಪ್ಪಾ ಅನ್ನಿಸುತ್ತದೆ.

ಹೋದ ತಿಂಗಳು ಪೂರಿಗಾಲಿಯಿಂದ ಒಬ್ಬಾಕೆ ವರ್ಷದ ಮಗಳನ್ನು ಎತ್ತಿಕೊಂಡು ಬಂದಳು. ನಾನು ಟವಲು ಎಸೆದು, ಕುದುರೆ ಎಳೆದು, ಗಿಲಕಿ ಹುಡುಕಿದೆ.

“ಕುದ್ರೆ ಬ್ಯಾಡ ಕಣಣ್ಣ, ಪಾಸ್‌ಪೋರ್ಟ್ ಫೋಟೋ. ಇವ್ರಪ್ಪ ದುಬೈಲವ್ರೆ, ಓಗ್ಬೇಕು. ಮಗು ನಗ್ಬಾರ್ದಂತೆ. ಓದ್ಸಲ ನಕ್ಬುಟ್ಟದೆ ಅಂತ ವಾಪಸ್ ಕಳುಸ್ಬುಟ್ರು.”

ಜನ್ಮದಲ್ಲಿ ಕೇಳಿರದ ಆರ್ಡರು. ಆಗಲಿ ಎಂದು ಬಿಳಿ ಬಟ್ಟೆಯ ಮುಂದೆ ಮಗುವನ್ನು ಕೂರಿಸಿ, ಮುಖ ಬಿಗಿದು ನಿಂತೆ. ಕಿಲಕಿಲ ನಕ್ಕಿತು. ಗದರಿಸುವ ಮುಖ ಮಾಡಿದೆ. ಇನ್ನೂ ಜೋರಾಗಿ ನಕ್ಕಿತು. ನನಗೋ ಒಳಗೊಳಗೇ ಹಿಗ್ಗು. ಇಷ್ಟು ವರ್ಷ ಕಾದದ್ದು ಇದಕ್ಕೇ ತಾನೆ? ಅದರ ತಾಯಿ ಮಾತ್ರ ಅಳುವ ಹಾಗಾಗಿದ್ದಳು.

“ನಿನ್ ದಮ್ಮಯ್ಯ, ಒಂಚೂರು ಆಚಿಗೋಗಣ್ಣ. ಇವ್ರಪ್ಪ ಇನ್ನೂ ಈ ಮಗೀನ ಎತ್ಕಂಡೇ ಇಲ್ಲ.”

ಹೆಂಡತಿಯನ್ನು ಕರೆದು, ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟು ಬಾಗಿಲಾಚೆ ಹೋಗಿ ನಿಂತೆ. ಒಳಗೆ ನಗು ನಿಂತಿತು.

ಒಳಗೆ ಬಂದು ಚಿತ್ರ ನೋಡಿದೆ. ತುಟಿ ಮುಚ್ಚಿ, ಕಣ್ಣರಳಿಸಿ, ನಾನು ಇಲ್ಲದ ಜಾಗವನ್ನೇ ಮಗು ನೆಟ್ಟಗೆ ನೋಡುತ್ತಿತ್ತು. “ನಿಮ್ಮನ್ನೇ ಹುಡುಕ್ತಿತ್ತು ಕಣ್ರೀ,” ಎಂದಳು ಹೆಂಡತಿ.

ನನ್ನ ಸ್ಟುಡಿಯೋದಲ್ಲಿ ತೆಗೆದ ಚಿತ್ರಗಳಲ್ಲೆಲ್ಲ ಅಷ್ಟು ಚೆಂದದ್ದು ಇನ್ನೊಂದಿಲ್ಲ. ತೆಗೆದವಳು ಅವಳು, ನಾನು ಮಾಡಿದ ಕೆಲಸವೆಂದರೆ ಆಚೆ ಹೋದದ್ದು. ಈಗ ಪಾಸ್‌ಪೋರ್ಟಿಗೆಂದು ಯಾವ ಮಗು ಬಂದರೂ ಮೊದಲು ಒಂದು ಸಲ ಕಾಗೆಯ ಹಾಗೆ ಕೂಗಿ, ಆಮೇಲೆ ಹೊರಗೆ ಹೋಗಿ ನಿಲ್ಲುತ್ತೇನೆ, ಹುಡುಕಲಿ ಎಂದು.